ಇಂಧನ ತುಂಬದ ರಾಕೆಟ್ಟಿನ ಮೇಲೆ ಬೆಂಕಿ: ಅಪೊಲೊ 1ರ ಕ್ಯಾಬಿನ್ನಿನಲ್ಲಿ ಆದದ್ದೇನು?

1967ರ ಜನವರಿ 27, ಶುಕ್ರವಾರ. ಫ್ಲಾರಿಡಾದ ಕೇಪ್ ಕೆನಡಿಯ 34ನೇ ಉಡಾವಣಾ ಕಟ್ಟೆಯ ಮೇಲೆ ಸ್ಯಾಟರ್ನ್ 1ಬಿ ರಾಕೆಟ್ ನಿಂತಿತ್ತು, ಅದರ ತುದಿಯಲ್ಲಿ ಅಮೆರಿಕದ ಚಂದ್ರಯಾನ ಯೋಜನೆಯ ಅಪೊಲೊ 1 ನೌಕೆ. ಟ್ಯಾಂಕುಗಳು ಖಾಲಿ. ಅವತ್ತು ನಡೆಯಬೇಕಿದ್ದುದು ‘ಪ್ಲಗ್ಸ್ ಔಟ್’ ಎಂಬ ಪರೀಕ್ಷೆ. ಉಡಾವಣೆಯ ದಿನದ ಹಾಗೆಯೇ ಕ್ಷಣಗಣನೆ ಮಾಡುವುದು, ಕೊನೆಗೆ ಹೊರಗಿನ ವಿದ್ಯುತ್ ಕೇಬಲ್ಲುಗಳನ್ನು ಕಳಚಿ ನೌಕೆ ತನ್ನದೇ ವಿದ್ಯುತ್ತಿನಲ್ಲಿ ನಡೆಯುತ್ತದೆಯೇ ಎಂದು ನೋಡುವುದು. ಟ್ಯಾಂಕಿನಲ್ಲಿ ಇಂಧನವಿಲ್ಲದ ಕಾರಣ ಇದನ್ನು ‘ಅಪಾಯಕಾರಿಯಲ್ಲದ’ ಪರೀಕ್ಷೆಗಳ ಪಟ್ಟಿಗೆ ಸೇರಿಸಿದ್ದರು. ಹಾಗಾಗಿ ಅಗ್ನಿಶಾಮಕ ದಳವಾಗಲಿ, ರಕ್ಷಣಾ ತಂಡವಾಗಲಿ, ವೈದ್ಯರಾಗಲಿ ಕಟ್ಟೆಯ ಹತ್ತಿರ ಇರಬೇಕಾದ ಅಗತ್ಯ ಯಾರಿಗೂ ಕಾಣಲಿಲ್ಲ.

ಆ ಸಂಜೆ ನೌಕೆಯೊಳಗೆ ಬೆಂಕಿ ಬಿದ್ದು ಮೂವರು ಗಗನಯಾತ್ರಿಗಳು ಸತ್ತರು. ಅಪೊಲೊ 1 ಅಂದ ಕೂಡಲೇ ಎಲ್ಲರೂ ಕಿಡಿ ಎಲ್ಲಿ ಹೊತ್ತಿತು ಎಂದು ಹುಡುಕಲು ಹೊರಡುತ್ತಾರೆ. ಆ ಪ್ರಶ್ನೆಗೆ ಖಚಿತ ಉತ್ತರ ಇವತ್ತಿಗೂ ಸಿಕ್ಕಿಲ್ಲ, ಮುಂದೆ ಸಿಗುವುದೂ ಇಲ್ಲ. ಆ ಕ್ಯಾಬಿನ್ನಿನಲ್ಲಿ ತುಂಬಿದ್ದ ಗಾಳಿ ಎಂಥದ್ದು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಸ್ವಲ್ಪ ಲೆಕ್ಕ ನೋಡೋಣ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿರುವುದರಿಂದ ಆಮ್ಲಜನಕದ ಪಾಲಿನ ಒತ್ತಡ 3.1 ಪಿಎಸ್‌ಐ. ನಮ್ಮ ಶ್ವಾಸಕೋಶಕ್ಕೆ ಅಷ್ಟು ಸಿಕ್ಕರೆ ಸಾಕು. ಅಮೆರಿಕದ ಮರ್ಕ್ಯುರಿ, ಜೆಮಿನಿ, ಅಪೊಲೊ ಮೂರೂ ಬಗೆಯ ನೌಕೆಗಳು ಬಾಹ್ಯಾಕಾಶದಲ್ಲಿ 5 ಪಿಎಸ್‌ಐ ಒತ್ತಡದ ಶುದ್ಧ ಆಮ್ಲಜನಕವನ್ನು ಬಳಸುತ್ತಿದ್ದವು. ಇದಕ್ಕೆ ಕಾರಣಗಳೂ ಇದ್ದವು. ಒತ್ತಡ ಕಡಿಮೆಯಾದರೆ ನೌಕೆಯ ಗೋಡೆ ತೆಳುವಾಗಿದ್ದರೂ ನಡೆಯುತ್ತದೆ. ಒಂದೇ ಅನಿಲವಾದರೆ ಒಂದೇ ಬಗೆಯ ಟ್ಯಾಂಕು ಮತ್ತು ಕವಾಟ ಸಾಕು, ಮಿಶ್ರಣವನ್ನು ಅಳೆಯುತ್ತಾ ಕೂರಬೇಕಿಲ್ಲ. ಪೋಷಾಕಿನೊಳಗಿನ ಒತ್ತಡ ಇನ್ನೂ ಕಡಿಮೆ, 3.7 ಪಿಎಸ್‌ಐ, ರಕ್ತದಲ್ಲಿ ಸಾರಜನಕ ಇಲ್ಲದಿದ್ದರೆ ಕ್ಯಾಬಿನ್ನಿನಿಂದ ಆ ಒತ್ತಡಕ್ಕೆ ಇಳಿದಾಗ ಗುಳ್ಳೆಗಳೇಳುವ ಭಯವಿಲ್ಲ. 5 ಪಿಎಸ್‌ಐ ಆಮ್ಲಜನಕದಲ್ಲಿಯೂ ವಸ್ತುಗಳು ನೆಲದ ಮೇಲಿನ ಗಾಳಿಗಿಂತ ಚುರುಕಾಗಿಯೇ ಉರಿಯುತ್ತವೆ, ನಿಜ. ಆದರೆ ಅಲ್ಲಿ ತೂಕವಿಲ್ಲದ ಸ್ಥಿತಿ, ಬಿಸಿಗಾಳಿ ಮೇಲೇಳುವುದಿಲ್ಲ. ಬೆಂಕಿ ತನ್ನ ಸುತ್ತಲಿನ ಆಮ್ಲಜನಕ ಮುಗಿಸಿ ಸೊರಗಬಹುದು. ಕೊನೆಯ ಉಪಾಯವಾಗಿ ಕ್ಯಾಬಿನ್ನಿನ ಅನಿಲವನ್ನು ಹೊರಗೆ ಬಿಟ್ಟು ಬೆಂಕಿಯನ್ನು ಆರಿಸಲೂ ಬಹುದು.

ನೆಲದ ಮೇಲೆ ಈ ಯಾವ ಅನುಕೂಲವೂ ಇಲ್ಲ. ಕ್ಯಾಬಿನ್ ಗೋಡೆಗಳು ಒಳಗಿನಿಂದ ಹೊರಕ್ಕೆ ಒತ್ತುವ ಬಲವನ್ನು ತಡೆಯಲು ಕಟ್ಟಿದಂಥವು. ಒಳಗೆ 5, ಹೊರಗೆ 14.7 ಇಟ್ಟರೆ ಅವು ಒಳಕ್ಕೆ ಕುಸಿಯುತ್ತವೆ. ಸೋರಿಕೆ ಪರೀಕ್ಷಿಸಲೂ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚೇ ಇರಬೇಕು. ಆದ್ದರಿಂದ ಕ್ಯಾಬಿನ್ನಿಗೆ 16.7 ಪಿಎಸ್‌ಐ ತನಕ ಶುದ್ಧ ಆಮ್ಲಜನಕ ತುಂಬಿದರು. 16.7ನ್ನು 3.1ರಿಂದ ಭಾಗಿಸಿ ನೋಡಿ: ಮಾಮೂಲಿ ಗಾಳಿಯಲ್ಲಿರುವುದಕ್ಕಿಂತ ಐದು ಪಟ್ಟಿಗೂ ಹೆಚ್ಚು ಆಮ್ಲಜನಕ, ಜೊತೆಗೆ ಬಿಸಿಯನ್ನು ಹೀರಿಕೊಳ್ಳಲು ಸಾರಜನಕದ ಒಂದು ಅಣುವೂ ಇಲ್ಲ. ಈ ಸ್ಥಿತಿಯಲ್ಲಿ, ನಾವು ಹೊತ್ತಿಕೊಳ್ಳದ ವಸ್ತು ಎಂದು ನಂಬಿರುವ ಎಷ್ಟೋ ಸಾಮಗ್ರಿಗಳು ಭಗ್ಗನೆ ಉರಿಯುತ್ತವೆ. ಅಲ್ಯೂಮಿನಿಯಂ ಕೂಡ ಉರಿಯಬಲ್ಲದು.

ಕ್ಯಾಬಿನ್ನಿನಲ್ಲಿ ಯಾವ ವಸ್ತು ಇಡಬಹುದು, ಯಾವುದು ಬೇಡ ಎಂಬ ದಹನ ಪರೀಕ್ಷೆಗಳನ್ನು ಹಾರಾಟದ ಪರಿಸ್ಥಿತಿಗೆ, ಅಂದರೆ 5 ಪಿಎಸ್‌ಐಗೆ, ಹೊಂದಿಸಿದ್ದರು. ಆಕಾಶದಲ್ಲಿ ಏನಾದೀತು ಎಂದು ಯೋಚಿಸಿದ್ದವರು ಅದೇ ನೌಕೆ ನೆಲದ ಮೇಲೆ ಗಂಟೆಗಟ್ಟಲೆ 16.7ರಲ್ಲಿ ನಿಂತಾಗ ಏನಾದೀತು ಎಂದು ಯೋಚಿಸಲಿಲ್ಲ. ಮರ್ಕ್ಯುರಿ, ಜೆಮಿನಿಗಳನ್ನೂ ಹೀಗೇ ಪರೀಕ್ಷಿಸಿದ್ದರು, ಏನೂ ಆಗಿರಲಿಲ್ಲ. ಆಗದೇ ಇದ್ದದ್ದನ್ನೇ ಸುರಕ್ಷತೆಯ ಪುರಾವೆ ಎಂದು ಎಣಿಸಿದರು. ಸೋವಿಯತ್ ಒಕ್ಕೂಟದಲ್ಲಿ 1961ರ ಮಾರ್ಚ್ 23ರಂದು ತರಬೇತಿಯಲ್ಲಿದ್ದ ವ್ಯಾಲೆಂಟಿನ್ ಬೊಂಡರೆಂಕೊ ಆಮ್ಲಜನಕ ಹೆಚ್ಚಿದ್ದ ಕೋಣೆಯೊಂದರಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯ ಚೂರು ಬಿಸಿ ತಟ್ಟೆಯ ಮೇಲೆ ಬಿದ್ದು ಹೊತ್ತಿದ ಬೆಂಕಿಗೆ ಬಲಿಯಾಗಿದ್ದರು. ಆ ಸುದ್ದಿ ಹೊರಬಿದ್ದದ್ದು 1986ರಲ್ಲಿ.

ಈಗ ನೌಕೆಗೆ ಬರೋಣ. ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿ ಕಟ್ಟಿದ ಅಪೊಲೊ 1ರ ನೌಕೆ, ಅಂದರೆ 012ನೇ ನೌಕೆ, 1966ರ ಆಗಸ್ಟ್ 26ರಂದು ಕೇಪ್‌ಗೆ ಬಂದಾಗ ಅದರಲ್ಲಿ 113 ಮುಖ್ಯ ಬದಲಾವಣೆಗಳು ಬಾಕಿಯಿದ್ದವು. ಬಂದ ಮೇಲೆ ಇನ್ನೂ 623 ಬದಲಾವಣೆಗಳಾದವು. ತರಬೇತಿಯ ಸಿಮ್ಯುಲೇಟರನ್ನು ನಿಜವಾದ ನೌಕೆಗೆ ಸರಿಹೊಂದುವಂತೆ ಇಟ್ಟುಕೊಳ್ಳುವುದೇ ಅಸಾಧ್ಯವಾಗಿ, ನೌಕೆಯ ನಾಯಕ ಗಸ್ ಗ್ರಿಸಮ್ ಬೇಸತ್ತು ಅದಕ್ಕೆ ಒಂದು ನಿಂಬೆಹಣ್ಣು ಕಟ್ಟಿದ್ದರು. ಅಮೆರಿಕದಲ್ಲಿ ಕೆಟ್ಟ ಯಂತ್ರವನ್ನು ನಿಂಬೆಹಣ್ಣು ಎಂದೇ ಹಂಗಿಸುವುದು. ಅದೇ ಆಗಸ್ಟ್ 19ರ ಸಭೆಯಲ್ಲಿ ಒಳಗೆ ಉರಿಯುವ ವಸ್ತು ಹೆಚ್ಚಾಗಿದೆ ಎಂಬ ಮಾತೂ ಬಂದಿತ್ತು. ಯೋಜನೆಯ ವ್ಯವಸ್ಥಾಪಕ ಜೋಸೆಫ್ ಶೇ ತೆಗೆಸಿ ಎಂದು ಹೇಳಿದ್ದರು. ತೆಗೆದರೇ ಎಂದು ಬೆನ್ನುಹತ್ತಿ ನೋಡಿದವರಿಲ್ಲ.

ಉಳಿದದ್ದು ಏನೇನು? ತೂಕವಿಲ್ಲದ ಸ್ಥಿತಿಯಲ್ಲಿ ಪುಸ್ತಕ, ಪೆನ್ನು, ಉಪಕರಣಗಳು ತೇಲಿ ಹೋಗದಿರಲಿ ಎಂದು ಕಂಡಕಂಡಲ್ಲಿ ಅಂಟಿಸಿದ ವೆಲ್ಕ್ರೊ ಪಟ್ಟಿಗಳು. ಕೈಜಾರಿದ ವಸ್ತು ಸಲಕರಣೆಗಳ ಸಂದಿಗೆ ಸೇರದಂತೆ ಕಟ್ಟಿದ ನೈಲಾನ್ ಬಲೆ. ಪಾಲಿಯುರೆಥೇನ್ ಫೋಮಿನ ದಿಂಬುಗಳು, ಕಾಗದದ ಕೈಪಿಡಿಗಳು. ಇವುಗಳ ನಡುವೆ ಹಾಯ್ದಿದ್ದ ಕೊಳವೆಗಳಲ್ಲಿ ಎಥಿಲಿನ್ ಗ್ಲೈಕಾಲ್ ಮತ್ತು ನೀರು ಬೆರೆಸಿದ ತಂಪುದ್ರವ. ಅಲ್ಯೂಮಿನಿಯಂ ಕೊಳವೆಗಳ ಬೆಸುಗೆ ಕೀಲುಗಳಲ್ಲಿ ಅದು ಸೋರುತ್ತಿತ್ತು. ಸೋರಿದ ದ್ರವದಲ್ಲಿ ನೀರು ಆರಿಹೋಗಿ ಉಳಿಯುವ ಜಿಡ್ಡು ಹೊತ್ತಿಕೊಳ್ಳುವಂಥದ್ದು. ಹೊದಿಕೆ ಸವೆದ ಬೆಳ್ಳಿಲೇಪದ ತಂತಿಯ ಮೇಲೆ ಬಿದ್ದರೆ ಅದೇ ಬಿಸಿಯೇರಿ ಹೊಗೆಯಾಡುವುದೂ ಉಂಟು.

ಇಷ್ಟಾದ ಮೇಲೆ ಬಾಗಿಲು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಹೆಚ್ಚು ಕಾಡುವ ಭಾಗ ಇದೇ. ಬಾಗಿಲು ಒಂದಲ್ಲ, ಮೂರು. ಒಳಗಿನದು ಒತ್ತಡದ ಹ್ಯಾಚ್. ಅದು ಒಳಕ್ಕೇ ತೆರೆಯುತ್ತದೆ, ಕ್ಯಾಬಿನ್ನಿನ ಒತ್ತಡವೇ ಅದನ್ನು ಚೌಕಟ್ಟಿಗೆ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಬಾಹ್ಯಾಕಾಶದಲ್ಲಿ ಸೋರಿಕೆಯ ಚಿಂತೆಯಿಲ್ಲದ ಸೊಗಸಾದ ವಿನ್ಯಾಸ. ಅದರಾಚೆ ಶಾಖಕವಚದ ಹ್ಯಾಚ್. ಅದರಾಚೆ, ಉಡಾವಣೆಯ ವೇಳೆ ನೌಕೆಯನ್ನು ಕಾಯುವ ಹೊರಹೊದಿಕೆಯ ಮುಚ್ಚಳ. ಎಲ್ಲ ಸರಿಯಿದ್ದರೂ ಒಳಗಿನಿಂದ ತೆರೆದು ಹೊರಬರಲು 60ರಿಂದ 90 ಸೆಕೆಂಡ್ ಬೇಕು. ನಡುವಿನ ಆಸನದ ಎಡ್ ವೈಟ್ ತಲೆಯ ಹಿಂದಕ್ಕೆ ಕೈಚಾಚಿ, ರ‍್ಯಾಚೆಟ್ ಹಿಡಿಯೊಂದನ್ನು ತೂರಿಸಿ ತಿರುಗಿಸಿ ಅಗುಳಿಗಳನ್ನು ಸಡಿಲಿಸಬೇಕು. ಗ್ರಿಸಮ್ ಎಡದಿಂದ ವೈಟ್‌ರ ತಲೆದಿಂಬು ಇಳಿಸಿಕೊಡಬೇಕು. ಬಲಗಡೆಯ ರೋಜರ್ ಚಾಫಿ ಆಸನದಲ್ಲೇ ಇದ್ದು ಹೊರಗಿನವರೊಂದಿಗೆ ಸಂಪರ್ಕ ಕಾಯ್ದುಕೊಳ್ಳಬೇಕು. ಅಗುಳಿ ಸಡಿಲಿಸಿದರೂ, ಒಳಗಿನ ಹೆಚ್ಚುವರಿ ಒತ್ತಡ ಇಳಿಯುವ ತನಕ ಹ್ಯಾಚ್ ಮಿಸುಕುವುದಿಲ್ಲ. ಲೆಕ್ಕದ ಸುಲಭಕ್ಕೆ ಹ್ಯಾಚಿನ ಮೈ 1,000 ಚದರ ಇಂಚು ಅಂದುಕೊಳ್ಳಿ. ಕೇವಲ 2 ಪಿಎಸ್‌ಐ ವ್ಯತ್ಯಾಸಕ್ಕೇ 2,000 ಪೌಂಡ್, ಅಂದರೆ 900 ಕಿಲೋ ಬಲ ಅದನ್ನು ಒತ್ತುತ್ತಿರುತ್ತದೆ. ಮನುಷ್ಯನ ತೋಳಿಗೆ ಎಟುಕುವ ಬಲವಲ್ಲ ಅದು.

ಮಧ್ಯಾಹ್ನ 1 ಗಂಟೆಗೆ ಮೂವರೂ ಒಳಗೆ ಕುಳಿತರು. ಪೋಷಾಕಿನ ಆಮ್ಲಜನಕದಲ್ಲಿ ಹುಳಿ ಮಜ್ಜಿಗೆಯಂಥ ವಾಸನೆ ಬರುತ್ತಿದೆ ಎಂದು ಗ್ರಿಸಮ್ ಹೇಳಿದ್ದರಿಂದ 1:20ಕ್ಕೆ ಗಣನೆ ನಿಂತಿತು. ಮಾದರಿ ತೆಗೆದು ನೋಡಿದರು, 2:42ಕ್ಕೆ ಮುಂದುವರಿಸಿದರು. ಹ್ಯಾಚುಗಳನ್ನು ಮುಚ್ಚಿ ಆಮ್ಲಜನಕ ತುಂಬಿದರು. ಪರೀಕ್ಷೆಗೆಂದು ಎಳೆದಿದ್ದ ಕೇಬಲ್ಲುಗಳು ಅಡ್ಡ ಬಂದು ಹೊರಹೊದಿಕೆಯ ಮುಚ್ಚಳ ಪೂರ್ತಿ ಕೂರಲಿಲ್ಲ, ಹಾಗೇ ಬಿಟ್ಟರು. ಆಮೇಲೆ ಮಾತಿನ ಸಂಪರ್ಕ ಕೆಟ್ಟಿತು. ಗ್ರಿಸಮ್‌ರ ಮೈಕ್ ಆರಿಸಲಾಗದೆ ತೆರೆದೇ ಉಳಿಯಿತು. ಎರಡು ಮೂರು ಕಟ್ಟಡಗಳ ನಡುವೆಯೇ ಮಾತಾಡಲು ಆಗದಿದ್ದರೆ ಚಂದ್ರನ ಹತ್ತಿರ ಹೋಗುವುದು ಹೇಗೆ ಎಂದು ಅವರು ಸಿಡುಕಿದ್ದು ದಾಖಲಾಗಿದೆ. 5:40ಕ್ಕೆ ಗಣನೆ ಮತ್ತೆ ನಿಂತಿತು. 6:30ರ ಹೊತ್ತಿಗೆ, ಹತ್ತು ನಿಮಿಷ ಬಾಕಿಯಿದ್ದ ಜಾಗದಲ್ಲೇ ಕಾಯುತ್ತಿದ್ದರು. ಅವತ್ತಿನ ಕಾರ್ಯಕ್ರಮದ ಕೊನೆಯಲ್ಲಿ ಇದ್ದದ್ದು ತುರ್ತಾಗಿ ಹೊರಬರುವ ಅಭ್ಯಾಸ.

6:30:54ಕ್ಕೆ ನೌಕೆಯ ವಿದ್ಯುತ್ ಹಂಚುವ ಮಾರ್ಗಗಳಲ್ಲೊಂದಾದ ಎಸಿ ಬಸ್ 2ರಲ್ಲಿ ವೋಲ್ಟೇಜ್ ಒಮ್ಮೆ ಜಿಗಿಯಿತು. ಅದೇ ಹೊತ್ತಿಗೆ ಪೋಷಾಕುಗಳಿಗೆ ಹರಿಯುವ ಆಮ್ಲಜನಕ ಏರುತ್ತಿತ್ತು, ಅಂದರೆ ಒಳಗೆ ಅಲುಗಾಟವಿತ್ತು. 6:31:04ಕ್ಕೆ ಬೆಂಕಿ ಎಂಬ ಮೊದಲ ಕೂಗು. ಗ್ರಿಸಮ್‌ರ ಎಡಗಡೆ, ಕಾಲ ಬಳಿ, ಕೆಳಗೆ ಹೊತ್ತಿದ್ದು ಬಲೆ ಹಿಡಿದು ಎಡಗೋಡೆಯ ಮೇಲೇರಿತು. ಮುಚ್ಚಿದ ಪೆಟ್ಟಿಗೆಯೊಳಗೆ ಅನಿಲ ಬಿಸಿಯಾದರೆ ಒತ್ತಡ ಏರಲೇಬೇಕು. 6:31:19ಕ್ಕೆ, ಮೊದಲ ಕೂಗಿನಿಂದ ಹದಿನೈದೇ ಸೆಕೆಂಡಿಗೆ, ಸುಮಾರು 29 ಪಿಎಸ್‌ಐ ಮುಟ್ಟಿ ಚಾಫಿ ಕುಳಿತಿದ್ದ ಬದಿಯಲ್ಲಿ ಕ್ಯಾಬಿನ್ನಿನ ನೆಲ ಸೀಳಿತು. ಎಡದಲ್ಲಿದ್ದ ಜ್ವಾಲೆ ಆ ಸೀಳಿನತ್ತ ನುಗ್ಗಿ ಇಡೀ ಕ್ಯಾಬಿನ್ ಹಾಯ್ದುಹೋಯಿತು. 6:31:22ರ ಸುಮಾರಿಗೆ ಧ್ವನಿ ನಿಂತಿತು.

ಆಗ ಹ್ಯಾಚಿನ ಮೇಲಿದ್ದ ಬಲವನ್ನು ಮೇಲಿನ ಲೆಕ್ಕದಲ್ಲೇ ನೋಡಿ: 14 ಪಿಎಸ್‌ಐ ವ್ಯತ್ಯಾಸ, 14,000 ಪೌಂಡ್, ಆರು ಟನ್ನಿಗೂ ಮಿಗಿಲು. ಒತ್ತಡ ಇಳಿಸುವ ಕವಾಟ ಗ್ರಿಸಮ್‌ರ ಎಡಗಡೆ, ಬೆಂಕಿಯ ಆಚೆ. ಅದನ್ನು ತೆರೆದಿದ್ದರೂ ಆ ವೇಗದ ಏರಿಕೆಗೆ ಅದರ ಬಾಯಿ ತೀರಾ ಸಣ್ಣದು. ಮೂವರ ಸಾವಿಗೆ ಮುಖ್ಯ ಕಾರಣ ಸುಟ್ಟಗಾಯಗಳಲ್ಲ. ಕೊಳವೆಗಳು ಸುಟ್ಟು, ಪೋಷಾಕಿನೊಳಕ್ಕೆ ಇಂಗಾಲದ ಮಾನಾಕ್ಸೈಡ್ ಸೇರಿ ಉಸಿರುಕಟ್ಟಿತು.

ಹೊರಗಿದ್ದವರು ಓಡಿಹೋಗಲಿಲ್ಲ ಅನ್ನುವುದನ್ನು ಹೇಳಲೇಬೇಕು. ಸೀಳಿದಾಗ ನುಗ್ಗಿದ ಬೆಂಕಿ ಅವರನ್ನು ಹಿಂದಕ್ಕೆ ತಳ್ಳಿತು. ನೌಕೆಯ ನೆತ್ತಿಯ ಮೇಲಿದ್ದ ಪಾರುಗಾಣಿಕಾ ರಾಕೆಟ್ಟಿನ ಘನ ಇಂಧನ ಯಾವ ಕ್ಷಣದಲ್ಲಾದರೂ ಹೊತ್ತಬಹುದಿತ್ತು. ಆದರೂ ಮತ್ತೆ ಮತ್ತೆ ಒಳನುಗ್ಗಿದರು. ಅಲ್ಲಿದ್ದ ಮುಖವಾಡಗಳು ವಿಷಾನಿಲಕ್ಕೆಂದು ಇದ್ದವೇ ಹೊರತು ದಟ್ಟ ಹೊಗೆಗಲ್ಲ. ಮೂರು ಹ್ಯಾಚ್ ತೆರೆಯಲು ಐದು ನಿಮಿಷ ಹಿಡಿಯಿತು. 27 ಮಂದಿ ಹೊಗೆ ಕುಡಿದು ಚಿಕಿತ್ಸೆ ಪಡೆದರು.

ನಾಸಾದ ಲ್ಯಾಂಗ್ಲಿ ಕೇಂದ್ರದ ನಿರ್ದೇಶಕ ಫ್ಲಾಯ್ಡ್ ಥಾಂಪ್ಸನ್ ತನಿಖಾ ಮಂಡಳಿಯ ಅಧ್ಯಕ್ಷರು, ಗಗನಯಾತ್ರಿಗಳ ಪೈಕಿ ಫ್ರಾಂಕ್ ಬೋರ್ಮನ್ ಸದಸ್ಯರು. ನೌಕೆ ಬಿಚ್ಚಿದ ಕ್ರಮ ಅಚ್ಚುಕಟ್ಟಾದದ್ದು. ಸುಟ್ಟ ವಸ್ತುವಿನ ಮೇಲೆ ಕಾಲಿಡದಂತೆ ಒಳಗೆ ಪಾರದರ್ಶಕ ಚೌಕಗಳ ತೂಗುನೆಲ ಕಟ್ಟಿದರು. ಅದೇ ಮಾದರಿಯ 014ನೇ ನೌಕೆಯನ್ನು ಕೇಪ್‌ಗೆ ತರಿಸಿಕೊಂಡು, ಪ್ರತಿ ಭಾಗವನ್ನೂ ಮೊದಲು ಅದರಲ್ಲಿ ಬಿಚ್ಚಿ ನೋಡಿ ಆಮೇಲೆ 012ರಲ್ಲಿ ಬಿಚ್ಚಿದರು. ತಂತಿಗಳ ನಡುವೆ ಯಾರೋ ಮರೆತುಹೋಗಿದ್ದ ವ್ರೆಂಚಿನ ಸಾಕೆಟ್ ಒಂದು ಸಿಕ್ಕಿತು. ಬೆಂಕಿಗೆ ಅದು ಕಾರಣವಲ್ಲ, ಆದರೆ ಕೆಲಸದ ಗುಣಮಟ್ಟಕ್ಕೆ ಸಾಕ್ಷಿ. ಕಿಡಿಯ ಜಾಗ ಬಹುಮಟ್ಟಿಗೆ ಎಡಬದಿಯ ಕೆಳಗಿನ ಸಲಕರಣೆ ಗೂಡು. ಅಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳ ಪುಟ್ಟ ಬಾಗಿಲಿನ ಅಂಚು ಟೆಫ್ಲಾನ್ ಹೊದಿಕೆಯ ತಂತಿಗಳನ್ನು ಉಜ್ಜುವಂತಿತ್ತು. ಟೆಫ್ಲಾನ್ ಸುಲಭಕ್ಕೆ ಹೊತ್ತದು, ಆದರೆ ಮೆತ್ತಗಿನದು, ಉಜ್ಜಿದರೆ ಸವೆಯುತ್ತದೆ. ‘ಬಹುಮಟ್ಟಿಗೆ’ ಅನ್ನುವುದರಾಚೆ ಮಂಡಳಿ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು. ಒಂದು ತಂತಿಯ ಮೇಲೆ ಬೊಟ್ಟುಮಾಡಿದ್ದರೆ ಆ ತಂತಿಯನ್ನಷ್ಟೇ ಬದಲಿಸಿ ಮುಂದೆ ಹೋಗುವ ಆಸೆ ಹುಟ್ಟುತ್ತಿತ್ತು.

ರಿಪೇರಿಯಲ್ಲಿ ಮೊದಲನೆಯದು ಗಾಳಿ. ಕಟ್ಟೆಯ ಮೇಲೆ ಕ್ಯಾಬಿನ್ನಿಗೆ ಶೇ. 60 ಆಮ್ಲಜನಕ, ಶೇ. 40 ಸಾರಜನಕ, ಪೋಷಾಕಿನೊಳಗೆ ಮಾತ್ರ ಶುದ್ಧ ಆಮ್ಲಜನಕ. ಸೀದಾ ಮಾಮೂಲಿ ಗಾಳಿಯನ್ನೇ ತುಂಬಬಾರದಿತ್ತೇ ಎಂದು ಕೇಳುವವರುಂಟು. ರಾಕೆಟ್ ಮೇಲೇರಿದಂತೆ ಕ್ಯಾಬಿನ್ ಒತ್ತಡ 5 ಪಿಎಸ್‌ಐಗೆ ಇಳಿಯುತ್ತದೆ. ಶೇ. 21 ಆಮ್ಲಜನಕವಾದರೆ ಆಗ ಉಳಿಯುವುದು 1 ಪಿಎಸ್‌ಐ. ಪೋಷಾಕು ಕೈಕೊಟ್ಟರೆ ಮನುಷ್ಯ ಮೂರ್ಛೆ ಹೋಗುತ್ತಾನೆ. ಶೇ. 60 ಆದರೆ 5ರಲ್ಲಿ 3 ಪಿಎಸ್‌ಐ, ಹತ್ತಿರ ಹತ್ತಿರ ಸಮುದ್ರಮಟ್ಟದಷ್ಟೇ. ಕಕ್ಷೆ ಸೇರಿದ ಮೇಲೆ ನಿಧಾನವಾಗಿ ಸಾರಜನಕವನ್ನು ಹೊರಹಾಕಿ ಶುದ್ಧ ಆಮ್ಲಜನಕಕ್ಕೆ ಬದಲಾಯಿಸಿಕೊಳ್ಳುವುದು. ಇಡೀ ಕಾರ್ಯಕ್ರಮದಲ್ಲಿ ನನಗೆ ಅತ್ಯಂತ ಜಾಣತನದ್ದು ಅನ್ನಿಸುವ ಸಂಖ್ಯೆ ಈ 60.

ಎರಡನೆಯದು ಹ್ಯಾಚ್. ಒಳಗಿನ ಎರಡನ್ನೂ ಸೇರಿಸಿ ಒಂದೇ ಮಾಡಿ, ಹೊರಕ್ಕೆ ತೆರೆಯುವಂತೆ ಮಾಡಿದರು. ಒಂದು ಹಿಡಿಯನ್ನು ಪಂಪಿನಂತೆ ಆಡಿಸಿದರೆ ಸುತ್ತಲಿನ ಅಗುಳಿಗಳೆಲ್ಲ ಒಟ್ಟಿಗೆ ಬಿಡುತ್ತವೆ, ಭಾರದ ಬಾಗಿಲನ್ನು ತಳ್ಳಲು ಒತ್ತಿಟ್ಟ ಅನಿಲದ ಸಹಾಯವಿದೆ. ಕೆಲವೇ ಸೆಕೆಂಡಿನ ಕೆಲಸ. ಪೋಷಾಕಿನ ಹೊರಪದರದ ನೈಲಾನ್ ಹೋಗಿ ಟೆಫ್ಲಾನ್ ಲೇಪಿಸಿದ ಗಾಜಿನ ನೂಲಿನ ಬೀಟಾ ಬಟ್ಟೆ ಬಂತು. ಹೆಚ್ಚಿನ ಒತ್ತಡದ ಆಮ್ಲಜನಕದ ಕೊಳವೆಗಳು ಸ್ಟೇನ್‌ಲೆಸ್ ಸ್ಟೀಲಿನವಾದವು, ತಂತಿಗಳ ಮೇಲೆ ರಕ್ಷಣೆಯ ಮುಚ್ಚಳ ಬಂತು. ವ್ಯವಸ್ಥಾಪಕ ಜೋಸೆಫ್ ಶೇ ಅವರ ಜಾಗಕ್ಕೆ ಜಾರ್ಜ್ ಲೋ ಬಂದರು.

ಅಪೊಲೊ 1ಕ್ಕೆಂದು ನಿಲ್ಲಿಸಿದ್ದ ರಾಕೆಟ್ಟಿಗೆ ಬೆಂಕಿಯಿಂದ ಏನೂ ಆಗಿರಲಿಲ್ಲ. ಅದನ್ನೇ 1968ರ ಜನವರಿ 22ರಂದು ಅಪೊಲೊ 5ಕ್ಕೆ ಬಳಸಿ, ಚಂದ್ರನ ಮೇಲಿಳಿಯುವ ಲೂನಾರ್ ಮಾಡ್ಯೂಲನ್ನು ಮೊದಲ ಬಾರಿ, ಮನುಷ್ಯರಿಲ್ಲದೆ, ಪರೀಕ್ಷಿಸಿದರು. ಏಪ್ರಿಲ್ 4ರ ಅಪೊಲೊ 6ರಲ್ಲಿ ಚಂದ್ರನತ್ತ ಹೋಗಲು ಕಟ್ಟಿದ ದೊಡ್ಡ ರಾಕೆಟ್ ಸ್ಯಾಟರ್ನ್ 5 ಉದ್ದುದ್ದಕ್ಕೆ ನಡುಗಿತು, ಎರಡನೇ ಹಂತದ ಎರಡು ಜೆ-2 ಎಂಜಿನ್‌ಗಳು ನಿಂತುಹೋದವು, ಮೂರನೇ ಹಂತದ ಎಂಜಿನ್ ಮರಳಿ ಹೊತ್ತಲೇ ಇಲ್ಲ. ಇದರ ಕಾರಣ ಕ್ಯಾಬಿನ್ ಬೆಂಕಿಯ ತಿರುವುಮುರುವು ಎನ್ನಬೇಕು. ಎಂಜಿನ್ ಹೊತ್ತಿಸುವ ಸಣ್ಣ ಹೈಡ್ರೋಜನ್ ಕೊಳವೆಯಲ್ಲಿ ಸುಕ್ಕುಸುಕ್ಕಾದ ಬಾಗುವ ಭಾಗವೊಂದಿತ್ತು. ನೆಲದ ಪರೀಕ್ಷೆಯಲ್ಲಿ ಆ ಚಳಿಗೆ ಸುತ್ತಲ ಗಾಳಿಯೇ ಅದರ ಮೇಲೆ ಹೆಪ್ಪುಗಟ್ಟಿ ನಡುಕವನ್ನು ತಡೆಯುತ್ತಿತ್ತು. ನಿರ್ವಾತದಲ್ಲಿ ಗಾಳಿಯಿಲ್ಲ, ಹೆಪ್ಪಿಲ್ಲ. ನಡುಗಿ ನಡುಗಿ ಮುರಿಯಿತು. ನಿರ್ವಾತದ ಕೋಣೆಯಲ್ಲಿ ಪರೀಕ್ಷಿಸಿದ ಮೇಲಷ್ಟೇ ಗೊತ್ತಾದದ್ದು. ಇನ್ನೊಂದು ಎಂಜಿನ್ ನಿಂತದ್ದು ತಂತಿಗಳು ಅದಲುಬದಲಾಗಿದ್ದರಿಂದ: ಕೆಟ್ಟದ್ದನ್ನು ನಿಲ್ಲಿಸುವ ಆದೇಶ ನೆಟ್ಟಗಿದ್ದ ಎಂಜಿನ್ನಿಗೂ ಮುಟ್ಟಿತು.

ಅಕ್ಟೋಬರ್ 11ರಂದು ಅದೇ 34ನೇ ಕಟ್ಟೆಯಿಂದ ಅಪೊಲೊ 7 ಹೊರಟಿತು. ವಾಲ್ಟರ್ ಶಿರಾ, ಡಾನ್ ಐಸೆಲ್, ವಾಲ್ಟರ್ ಕನಿಂಗ್‌ಹ್ಯಾಮ್ ಹೊಸ ನೌಕೆಯನ್ನು 163 ಸುತ್ತು ನಡೆಸಿ, ಮುಖ್ಯ ಎಂಜಿನ್ ಅನ್ನು ಎಂಟು ಸಲ ಹೊತ್ತಿಸಿ ನೋಡಿದರು. ದಾರಿಯಲ್ಲಿ ಅವರಿಗೆ ನೆಗಡಿ ಹಿಡಿಯಿತು. ತೂಕವಿಲ್ಲದೆಡೆ ನೆಗಡಿಯಾದರೆ ಸಿಂಬಳ ಇಳಿಯುವುದಿಲ್ಲ, ತಲೆಯಲ್ಲೇ ಕಟ್ಟುತ್ತದೆ. ಇಳಿಯುವಾಗ ಮೂಗು ಹಿಡಿದು ಕಿವಿಯ ಒತ್ತಡ ಸರಿಪಡಿಸಿಕೊಳ್ಳಬೇಕೆಂದು ಹೆಲ್ಮೆಟ್ ಹಾಕಲು ಒಪ್ಪದೆ ನೆಲದವರೊಂದಿಗೆ ಜಗಳವಾಡಿದರು. ನೌಕೆ ಮಾತ್ರ ಚೆನ್ನಾಗಿ ನಡೆದುಕೊಂಡಿತು. ಆ ಧೈರ್ಯದ ಮೇಲೆಯೇ, ಲೂನಾರ್ ಮಾಡ್ಯೂಲ್ ತಡವಾದ್ದರಿಂದ ಅದಿಲ್ಲದೆಯೇ ಚಂದ್ರನ ತನಕ ಹೋಗಿಬರೋಣ ಎಂದು ಜಾರ್ಜ್ ಲೋ ಆಗಸ್ಟ್‌ನಲ್ಲೇ ಮುಂದಿಟ್ಟಿದ್ದ ಸಲಹೆಗೆ ಒಪ್ಪಿಗೆ ಸಿಕ್ಕಿತು. ಡಿಸೆಂಬರ್ 21ರಂದು ಬೋರ್ಮನ್, ಜಿಮ್ ಲೊವೆಲ್, ಬಿಲ್ ಆಂಡರ್ಸ್ ಅಪೊಲೊ 8ರಲ್ಲಿ ಹೊರಟು, 24ರಂದು ಚಂದ್ರನ ಹಿಂಬದಿಯಲ್ಲಿ ಎಂಜಿನ್ ಅನ್ನು ನಾಲ್ಕು ನಿಮಿಷ ಉರಿಸಿ ಕಕ್ಷೆ ಸೇರಿ, ಹತ್ತು ಸುತ್ತು ಹಾಕಿ ಬಂದರು.

ಕ್ಯಾಬಿನ್ನಿನೊಳಗೆ ಮತ್ತೆ ಬೆಂಕಿ ಬೀಳಲಿಲ್ಲ. ಬಿದ್ದದ್ದು ಹೊರಗಿನ ಟ್ಯಾಂಕಿನಲ್ಲಿ. ಅಪೊಲೊ 13ರ ಎರಡನೇ ಆಮ್ಲಜನಕ ಟ್ಯಾಂಕಿನ ಹೀಟರ್ ಸ್ವಿಚ್ಚುಗಳು 28 ವೋಲ್ಟಿಗೆ ಮಾಡಿದಂಥವು. ನೌಕೆಯೊಳಗಿನ ವಿದ್ಯುತ್ತೂ 28 ವೋಲ್ಟೇ. ಆದರೆ ಕೇಪ್‌ನ ನೆಲದ ಉಪಕರಣಗಳು ಕೊಡುತ್ತಿದ್ದದ್ದು 65. 1970ರ ಮಾರ್ಚಿನ ಪರೀಕ್ಷೆಯ ನಂತರ ಟ್ಯಾಂಕ್ ಸರಿಯಾಗಿ ಖಾಲಿಯಾಗದೆ, ಉಳಿದ ಆಮ್ಲಜನಕವನ್ನು ಕುದಿಸಿ ಹೊರಹಾಕಲು ಹೀಟರುಗಳನ್ನು ಎಂಟು ಗಂಟೆ ಹಚ್ಚಿಟ್ಟರು. ಸ್ವಿಚ್ಚುಗಳು ಅಂಟಿಕೊಂಡು ತೆರೆಯದಾದವು, ಒಳಗಿನ ತಂತಿಗಳ ಟೆಫ್ಲಾನ್ ಹೊದಿಕೆ ಸುಟ್ಟು ಬಿರಿಯಿತು. ಪಕ್ಕದಲ್ಲಿದ್ದ ತಾಪಮಾಪಕದ ಅಳತೆ 80 ಡಿಗ್ರಿ ಫ್ಯಾರನ್‌ಹೀಟಿಗೇ ಮುಗಿಯುತ್ತಿತ್ತು. ಒಳಗೆ ಸಾವಿರ ಡಿಗ್ರಿ ಮುಟ್ಟಿದಾಗಲೂ ಮುಳ್ಳು 80ರಲ್ಲೇ ನಿಂತಿತ್ತು.